ನವೋದಯ ಪರೀಕ್ಷೆಯೂ ನಮ್ಮ ಮಕ್ಕಳೂ

ಮುಂಗಾರು ಕಾಲಿಟ್ಟಿತೆಂದರೆ ನಮ್ಮ ಬೆಳೆಗಾರರ ಮನೆಗಳಲ್ಲಿ ಕೊಳೆ ಔಷಧಿಯ ಚಿಂತೆಯ ಜೊತೆಗೆ ಮಕ್ಕಳ ಓದಿನ ಚಿಂತೆಯೂ ಸೇರಿಕೊಳ್ಳುತ್ತದೆ. 5ನೇ ತರಗತಿಯ ಮಗುವಿರುವ ಮನೆಯಾದರಂತೂ ಹೇಳುವುದೇ ಬೇಡ. ಗೊಬ್ಬರದ ದರ ವಿಚಾರಿಸಲು ಸಂಘದ ಕಚೇರಿಗೆ ಬಂದ ಸದಸ್ಯರು ಹೊರಡುವ ಮುನ್ನ, "ನವೋದಯಕ್ಕೆ ಅರ್ಜಿ ಯಾವಾಗ ಕರೆಯುತ್ತಾರೆ? ಪೇಟೆಯಲ್ಲಿ ಕೋಚಿಂಗಿಗೆ ಸೇರಿಸಬೇಕೇ?" ಎಂದು ಕೇಳುವುದು ಈಗ ವಾಡಿಕೆಯಾಗಿದೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಉಪಯೋಗವಾಗಲೆಂದು ನಮಗೆ ತಿಳಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಜವಾಹರ್ ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲ. ಹಳ್ಳಿಯ ಬುದ್ಧಿವಂತ ಮಕ್ಕಳಿಗೆ, ತಂದೆ-ತಾಯಿಗಳ ಹಣಕಾಸಿನ ಸ್ಥಿತಿ ಹೇಗೇ ಇರಲಿ, ಒಳ್ಳೆಯ ವಿದ್ಯಾಭ್ಯಾಸ ದೊರೆಯಬೇಕೆಂಬುದೇ ಇವುಗಳ ಮೂಲ ಉದ್ದೇಶ. 6ರಿಂದ 12ನೇ ತರಗತಿಯವರೆಗೆ ಗಂಡು ಹೆಣ್ಣು ಮಕ್ಕಳಿಬ್ಬರೂ ಅಲ್ಲಿಯೇ ಉಳಿದು ಕಲಿಯುತ್ತಾರೆ. ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಉಚಿತ. 9ನೇ ತರಗತಿಯಿಂದ ಮಾತ್ರ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿಗೆ ಕೊಡಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ದರ ಬೇರೆ. ಬಾಳೆಹೊನ್ನೂರಿನ ಬಳಿಯ ಸೀಗೋಡು, ಮಡಿಕೇರಿಯ ಬಳಿಯ ಗಾಳಿಬೀಡು, ಶಿವಮೊಗ್ಗ ಜಿಲ್ಲೆಯ ಗಾಜನೂರು, ದಕ್ಷಿಣ ಕನ್ನಡದ ಮುಡಿಪು, ಇವೆಲ್ಲ ನಮ್ಮ ಸದಸ್ಯರು ಕಂಡು ಕೇಳಿದ ಶಾಲೆಗಳೇ. ಒಂದು ಶಾಲೆಯಲ್ಲಿ ವರ್ಷಕ್ಕೆ 6ನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಇಡೀ ಜಿಲ್ಲೆಗೆ ಇಷ್ಟೇ ಸ್ಥಾನಗಳಾದ್ದರಿಂದ ಪೈಪೋಟಿ ಸಹಜ.

ಪೇಟೆಗೆ ಕಳುಹಿಸುವ ಮುನ್ನ

ಮೊದಲು ತಿಳಿಯಬೇಕಾದ್ದು ನಿಯಮ. ಜಿಲ್ಲೆಯ ಸ್ಥಾನಗಳಲ್ಲಿ ಕನಿಷ್ಠ ಶೇಕಡ 75 ಗ್ರಾಮೀಣ ಪ್ರದೇಶದ ಮಕ್ಕಳಿಗೆ ಮೀಸಲು. ಆದರೆ ಈ ಮೀಸಲಾತಿ ದೊರೆಯುವುದು ತೋಟ ಹಳ್ಳಿಯಲ್ಲಿದೆ, ಮನೆ ಹಳ್ಳಿಯಲ್ಲಿದೆ ಎಂಬ ಕಾರಣಕ್ಕಲ್ಲ. ಮಗು 3, 4 ಮತ್ತು 5ನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿಯೆಂದೇ ಲೆಕ್ಕ.

ನಮ್ಮಲ್ಲಿ ನಡೆಯುವುದೇನು? ಇಂಗ್ಲಿಷ್ ಮಾಧ್ಯಮವೆಂದೋ ಕೋಚಿಂಗ್ ಹತ್ತಿರವೆಂದೋ ಮಗುವನ್ನು 4ನೇ ತರಗತಿಗೆ ಪೇಟೆಯ ಶಾಲೆಗೆ ಸೇರಿಸುತ್ತೇವೆ. ತಾಯಿ ಮಗುವಿನೊಂದಿಗೆ ಬಾಡಿಗೆ ಮನೆಯಲ್ಲಿ, ತಂದೆ ಒಬ್ಬರೇ ತೋಟದಲ್ಲಿ. ಇಷ್ಟೆಲ್ಲ ಖರ್ಚು ಮಾಡಿ ಕೊನೆಗೆ ಮಗುವಿಗೆ ಹಕ್ಕಾಗಿ ಬರಬೇಕಿದ್ದ ಮುಕ್ಕಾಲು ಪಾಲು ಸ್ಥಾನಗಳ ಬಾಗಿಲನ್ನು ನಾವೇ ಮುಚ್ಚಿರುತ್ತೇವೆ. ನಮ್ಮ ಸದಸ್ಯರೊಬ್ಬರ ಮಗಳಿಗೆ ಹೀಗೆಯೇ ಆಯಿತು. ಹುಡುಗಿ ಜಾಣೆ, ಊರಿನ ಶಾಲೆಯಲ್ಲಿ ಅವಳ ಜೊತೆ ಕಲಿತವರು ಗ್ರಾಮೀಣ ಅಭ್ಯರ್ಥಿಗಳಾಗಿ ಕುಳಿತರೆ, ಇವಳು ಉಳಿದ ಕಾಲು ಪಾಲಿಗೆ ಪೈಪೋಟಿ ಮಾಡಬೇಕಾಯಿತು.

ಇನ್ನೊಂದು ತೊಡಕು ಗಡಿಯದು. ಮಗು ಯಾವ ಜಿಲ್ಲೆಯ ವಿದ್ಯಾಲಯಕ್ಕೆ ಅರ್ಜಿ ಹಾಕುತ್ತದೆಯೋ ಅದೇ ಜಿಲ್ಲೆಯ ನಿವಾಸಿಯಾಗಿರಬೇಕು ಮತ್ತು ಅಲ್ಲಿಯೇ 5ನೇ ತರಗತಿ ಓದುತ್ತಿರಬೇಕು. ಕೊಪ್ಪ-ತೀರ್ಥಹಳ್ಳಿ, ಮೂಡಿಗೆರೆ-ಸಕಲೇಶಪುರದಂಥ ಕಡೆ ಮನೆ ಒಂದು ಜಿಲ್ಲೆಯಲ್ಲಿದ್ದು ಶಾಲೆ ಇನ್ನೊಂದು ಜಿಲ್ಲೆಯಲ್ಲಿರುವುದುಂಟು. ಅಂಥವರು 5ನೇ ತರಗತಿಗೆ ಸೇರಿಸುವ ಮೊದಲೇ ಯೋಚಿಸಬೇಕು. ಈ ಪರೀಕ್ಷೆಗೆ ಒಂದೇ ಬಾರಿ ಅವಕಾಶ. ಮುಂದಿನ ವರ್ಷ ಸರಿಪಡಿಸಿಕೊಳ್ಳೋಣವೆಂದರೆ ಸಾಧ್ಯವಿಲ್ಲ. ವಯಸ್ಸಿನ ಮಿತಿಯ ದಿನಾಂಕಗಳು ಆಯಾ ವರ್ಷದ ಪ್ರಕಟಣೆಯಲ್ಲಿರುತ್ತವೆ, ಅದನ್ನೂ ನೋಡಿಕೊಳ್ಳತಕ್ಕದ್ದು.

ಪ್ರಶ್ನೆಪತ್ರಿಕೆಯ ಸ್ವರೂಪ

ಪರೀಕ್ಷೆ ಎರಡು ಗಂಟೆಯದು. ಒಟ್ಟು 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ. ಅಂಕಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೆ 20 ಪ್ರಶ್ನೆ, 25 ಅಂಕ. ಲೆಕ್ಕ ಹಾಕಿದರೆ ಪ್ರಶ್ನೆಗೆ ಒಂದೂವರೆ ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಮಗು ಹಿಂದೆ ಬೀಳುತ್ತದೆಂಬ ಭಯ ಇಲ್ಲಿ ಅನಗತ್ಯ.

ಅರ್ಧದಷ್ಟು ಅಂಕಗಳು ಚಿತ್ರಗಳನ್ನು ನೋಡಿ ಉತ್ತರಿಸುವ ಪ್ರಶ್ನೆಗಳಿಗೆ. ಗುಂಪಿಗೆ ಸೇರದ ಚಿತ್ರ, ಚಿತ್ರಗಳ ಸರಣಿ, ಕನ್ನಡಿಯ ಬಿಂಬ, ಮಡಿಸಿ ತೂತು ಮಾಡಿದ ಕಾಗದ, ದೊಡ್ಡ ಚಿತ್ರದೊಳಗೆ ಅಡಗಿರುವ ಸಣ್ಣ ಚಿತ್ರ ಇತ್ಯಾದಿ ಹತ್ತು ಬಗೆ. ಒಂದೊಂದರಲ್ಲಿ ನಾಲ್ಕು ಪ್ರಶ್ನೆ. ಇವು ಬಾಯಿಪಾಠದಿಂದ ಬರುವಂಥವಲ್ಲ, ಕಣ್ಣಿಗೆ ರೂಢಿಯಾಗಬೇಕು.

ಮನೆಯಲ್ಲೇ ಅಭ್ಯಾಸ

ಇದಕ್ಕೆ ದುಬಾರಿ ಸಾಮಗ್ರಿ ಬೇಡ. ಹಳೆಯ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕತ್ತರಿಯಿಂದ ತೂತು ತೆಗೆಯಿರಿ. ಬಿಚ್ಚುವ ಮೊದಲು ತೂತುಗಳು ಎಲ್ಲೆಲ್ಲಿ ಬರುತ್ತವೆಂದು ಮಗು ಬರೆದು ತೋರಿಸಲಿ. ಗಡಿಯಾರವನ್ನು ಕನ್ನಡಿಗೆ ಹಿಡಿದು ಗಂಟೆ ಎಷ್ಟೆಂದು ಕೇಳಿರಿ. ಬರೀ ಹದಿನೈದು ನಿಮಿಷದ ಆಟ. ಮಳೆಗಾಲದ ಸಂಜೆಗಳಲ್ಲಿ ಮಕ್ಕಳು ತಾವೇ ಕೇಳಿ ಆಡುತ್ತಾರೆ.

ಅಂಕಗಣಿತದಲ್ಲಿ ಬರುವುದು ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಅಳತೆ, ಲಾಭ-ನಷ್ಟ, ಸುತ್ತಳತೆ, ವಿಸ್ತೀರ್ಣಗಳು. ಇವಕ್ಕೆ ನಮ್ಮ ತೋಟ, ಕಣಗಳಿಗಿಂತ ಒಳ್ಳೆಯ ಪುಸ್ತಕ ಬೇರೆಯಿಲ್ಲ. 36 ಮೀಟರ್ ಉದ್ದ, 27 ಮೀಟರ್ ಅಗಲದ ತುಂಡಿಗೆ ಮೂರೆಳೆ ತಂತಿ ಬೇಲಿ ಹಾಕಲು ಎಷ್ಟು ತಂತಿ ಬೇಕು? 378 ಮೀಟರ್. ಒಂದು ಭಾಗಕ್ಕೆ 6 ದಿನಕ್ಕೊಮ್ಮೆ, ಇನ್ನೊಂದಕ್ಕೆ 8 ದಿನಕ್ಕೊಮ್ಮೆ ನೀರು ಬಿಡುವುದಾದರೆ, ಇಂದು ಎರಡಕ್ಕೂ ಬಿಟ್ಟವರು ಮತ್ತೆ ಎರಡಕ್ಕೂ ಒಂದೇ ದಿನ ಬಿಡುವುದು ಯಾವಾಗ? 24ನೆಯ ದಿನ. ಹೀಗೆ ಕೇಳಿದರೆ ಲ.ಸಾ.ಅ. ಎಂದರೇನೆಂದು ಬೇರೆ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

ಭಾಷೆಯ ವಿಭಾಗದಲ್ಲಿ ನಾಲ್ಕು ಗದ್ಯಭಾಗ ಕೊಟ್ಟು ಒಂದೊಂದಕ್ಕೆ ಐದು ಪ್ರಶ್ನೆ ಕೇಳುತ್ತಾರೆ. ದಿನಪತ್ರಿಕೆಯ ಒಂದು ಸುದ್ದಿಯನ್ನು ಮಗು ಗಟ್ಟಿಯಾಗಿ ಓದಲಿ, ಅಜ್ಜನೋ ಅಜ್ಜಿಯೋ ಅದರ ಮೇಲೆ ಐದು ಪ್ರಶ್ನೆ ಕೇಳಲಿ. ಇದಕ್ಕೆ ಮೇಷ್ಟ್ರೇ ಬೇಕೆಂದಿಲ್ಲ. ಉತ್ತರದ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ವೃತ್ತ ತುಂಬುವುದನ್ನೂ ಮೊದಲೇ ರೂಢಿ ಮಾಡಿಸಬೇಕು. ಪೆನ್ಸಿಲ್ ಉಪಯೋಗಿಸುವಂತಿಲ್ಲ, ಒಮ್ಮೆ ತುಂಬಿದ್ದನ್ನು ಬದಲಾಯಿಸುವಂತಿಲ್ಲ.

ಕೊಯ್ಲಿನ ದಿನಗಳು

ಬೆಳೆಗಾರರಾದ ನಮಗೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಅರ್ಜಿ ಕರೆಯುವುದು ಮಳೆಗಾಲದಲ್ಲಿ, ಪರೀಕ್ಷೆ ಬರುವುದು ಕೊಯ್ಲಿನ ನಡುವೆ. ನಮ್ಮ ರಾಜ್ಯದಲ್ಲಿ ಈ ಪರೀಕ್ಷೆ 2025ರ ಜನವರಿ 18ರಂದು ನಡೆಯಿತು. ಮುಂದಿನ ಸಾಲಿನದು ಅದೇ ವರ್ಷದ ಡಿಸೆಂಬರ್ 13ಕ್ಕೇ ಬಂತು. ಕಾಫಿ ಹಣ್ಣು ಕೊಯ್ಯುವುದು, ಕೊನೆ ಇಳಿಸುವುದು, ಅಡಿಕೆ ಸುಲಿಯುವುದು, ಬೇಯಿಸುವುದು ಎಲ್ಲವೂ ಒಟ್ಟಿಗೆ ಬರುವ ಹೊತ್ತು ಅದು. ಮನೆಯ ಅಂಗಳ ತುಂಬ ಆಳುಕಾಳು, ಮಧ್ಯರಾತ್ರಿಯವರೆಗೆ ಸುಲಿತ. ಮಗುವಿಗೆ ಕೂರಲು ಜಾಗವಿಲ್ಲ, ಪುಸ್ತಕ ನೋಡುವವರಿಲ್ಲ. ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಕ್ಕೆ ಮುಕ್ಕಾಲು ಗಂಟೆಯಂತೆ ಕಲಿಕೆ ಮುಗಿಸಿಕೊಂಡು, ಕೊಯ್ಲಿನ ದಿನಗಳಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸುವುದನ್ನಷ್ಟೇ ಉಳಿಸಿಕೊಳ್ಳುವುದು ಮೇಲು. ಪರೀಕ್ಷೆಯ ಹಿಂದಿನ ರಾತ್ರಿ ಮಗುವನ್ನು ಸುಲಿಯುವ ಗದ್ದಲದಿಂದ ದೂರವಿಟ್ಟು ಬೇಗ ಮಲಗಿಸಬೇಕು. ಆ ದಿನ ಮಗುವಿನ ಜೊತೆ ಹೋಗುವವರು ಯಾರೆಂಬುದನ್ನೂ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು.

ಲೈನ್ ಮನೆಗಳ ಮಕ್ಕಳು

ನಮ್ಮ ತೋಟದ ಲೈನ್ ಮನೆಗಳಲ್ಲಿಯೂ 5ನೇ ತರಗತಿಯ ಮಕ್ಕಳಿದ್ದಾರೆ. ಅವರೂ ನಮ್ಮ ಮಕ್ಕಳು ಕೂರುವ ಬೆಂಚಿನಲ್ಲೇ ಕೂತು ಕಲಿಯುವವರು. ಈ ಶಾಲೆಯ ಪ್ರಯೋಜನ ಎಲ್ಲರಿಗಿಂತ ಹೆಚ್ಚಾಗಿ ಆಗಬೇಕಾದ್ದು ಅವರಿಗೆ. ಅರ್ಜಿಗೆ ಶುಲ್ಕವಿಲ್ಲ, ಆದರೆ ಅದನ್ನು ಕಂಪ್ಯೂಟರಿನಲ್ಲೇ ಸಲ್ಲಿಸಬೇಕು, ಮುಖ್ಯೋಪಾಧ್ಯಾಯರು ಸಹಿ ಮಾಡಿದ ಪ್ರಮಾಣಪತ್ರ, ಮಗುವಿನ ಭಾವಚಿತ್ರ, ಮಗು ಮತ್ತು ಪೋಷಕರ ಸಹಿ ಸೇರಿಸಬೇಕು. ಕೂಲಿಗೆ ಹೋಗುವ ತಂದೆ-ತಾಯಿಗಳಿಗೆ ಇದು ಗೊತ್ತಾಗುವುದು ನಾವು ಹೇಳಿದರೆ ಮಾತ್ರ. ನಮ್ಮ ಮಗುವಿನ ಅರ್ಜಿ ತುಂಬುವ ದಿನ ಅವರ ಮಗುವಿನದನ್ನೂ ತುಂಬಿದರೆ ನಮಗೆ ಕಳೆಯುವುದು ಅರ್ಧ ಗಂಟೆ. ಜೊತೆಗೆ ಅಭ್ಯಾಸ ಮಾಡಲು ನಮ್ಮ ಮಗುವಿಗೊಬ್ಬ ಸ್ನೇಹಿತ ಸಿಕ್ಕಂತಾಗುತ್ತದೆ.

ಫಲಿತಾಂಶ ಬಂದ ಮೇಲೆ

ಆಯ್ಕೆಯಾದರೆ ಹತ್ತು ಹನ್ನೊಂದರ ಮಗು ಮನೆ ಬಿಟ್ಟು ಹೋಗಬೇಕು. 9ನೇ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ಮಾತನಾಡುವ ರಾಜ್ಯದ ವಿದ್ಯಾಲಯಕ್ಕೂ ಕಳುಹಿಸುತ್ತಾರೆ. ಆದ್ದರಿಂದ ತನ್ನ ಬಟ್ಟೆ ತಾನೇ ತೊಳೆಯುವುದು, ಹಾಸಿಗೆ ಮಡಿಸುವುದು, ಬಡಿಸಿದ್ದನ್ನು ಉಣ್ಣುವುದು ಇವೂ ತಯಾರಿಯ ಭಾಗವೇ. ಹೋಗಲು ಮಗುವಿಗೆ ಮನಸ್ಸಿದೆಯೇ ಎಂದು ಅರ್ಜಿ ಹಾಕುವ ಮೊದಲೇ ಕೇಳಬೇಕು.

ಆಯ್ಕೆಯಾಗದಿದ್ದರೆ? ಹೆಚ್ಚಿನ ಮಕ್ಕಳಿಗೆ ಆಗುವುದು ಅದೇ. ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ, ಆದರ್ಶ ವಿದ್ಯಾಲಯಗಳಿವೆ, ಊರಿನ ಶಾಲೆಯಂತೂ ಇದ್ದೇ ಇದೆ. ಆರು ತಿಂಗಳು ಕಲಿತ ಲೆಕ್ಕ, ಓದುವ ರೂಢಿ ಯಾವ ಶಾಲೆಗೆ ಹೋದರೂ ಮಗುವಿನ ಜೊತೆಗೇ ಬರುತ್ತವೆ. ಒಂದು ವರ್ಷ ಫಸಲು ಕೈಕೊಟ್ಟಿತೆಂದು ನಾವು ಗಿಡ ಕಡಿಯುವುದಿಲ್ಲ. ನೆಂಟರಿಷ್ಟರ ಎದುರು "ಇವನಿಗೆ ಸಿಗಲಿಲ್ಲ" ಎಂದು ಹೇಳಿ ಮಗುವಿನ ತಲೆ ತಗ್ಗಿಸಬೇಡಿ.

ಪ್ರಕಟಣೆ ಹೊರಬಿದ್ದ ಕೂಡಲೇ ಅದನ್ನು ಸಂಘದ ಫಲಕದಲ್ಲಿ ಹಾಕುತ್ತೇವೆ. ಕಂಪ್ಯೂಟರಿನ ಅನುಕೂಲವಿಲ್ಲದ ಸದಸ್ಯರೂ, ಅವರ ತೋಟದ ಕಾರ್ಮಿಕರೂ ಕಚೇರಿಯ ವೇಳೆಯಲ್ಲಿ ಬಂದರೆ ಅರ್ಜಿ ತುಂಬಲು ನೆರವಾಗುತ್ತೇವೆ. ಕೊನೆಯ ದಿನದವರೆಗೆ ಕಾಯದೆ, ಮಗುವಿನ ದಾಖಲೆಗಳೊಂದಿಗೆ ಬರಬೇಕಾಗಿ ಕೋರಿಕೆ.