ಆಟದ ರೈಲು ಓಡಲಿ, ಮಕ್ಕಳ ಬುದ್ಧಿಯೂ ಓಡಲಿ

ಗಲ್ಫಿನಿಂದ ರಜೆಯಲ್ಲಿ ಊರಿಗೆ ಬರುವ ಮಾಮನ ಪೆಟ್ಟಿಗೆಯಲ್ಲಿ ಚಾಕಲೇಟು, ಸೆಂಟು, ಬಟ್ಟೆಗಳ ನಡುವೆ ಒಮ್ಮೊಮ್ಮೆ ಒಂದು ಆಟದ ರೈಲೂ ಇರುತ್ತದೆ. ಮೊದಲ ದಿನ ಮಕ್ಕಳು ಊಟ, ನಿದ್ದೆ ಮರೆತು ಅದರ ಸುತ್ತ ಕೂರುತ್ತಾರೆ. ವಾರ ಕಳೆಯುವಷ್ಟರಲ್ಲಿ ರೈಲು ಅಲ್ಲಲ್ಲಿ ನಿಲ್ಲತೊಡಗುತ್ತದೆ. ತಿಂಗಳಾಗುವಾಗ ಅದು ಕಪಾಟಿನ ಮೇಲೆ ಧೂಳು ತಿನ್ನುತ್ತಿರುತ್ತದೆ. "ಹಾಳಾಯಿತು" ಎಂದು ಮನೆಮಂದಿಯೆಲ್ಲ ತೀರ್ಪು ಕೊಟ್ಟುಬಿಡುತ್ತಾರೆ.

ಸಹೋದರಿಯರೇ, ಹೀಗೆ ಮೂಲೆ ಸೇರಿದ ಎಷ್ಟೋ ರೈಲುಗಳು ನಿಜವಾಗಿ ಹಾಳಾಗಿರುವುದಿಲ್ಲ. ಎಲ್ಲೋ ಒಂದು ಕಡೆ ಕರೆಂಟಿನ ದಾರಿ ಕಡಿದಿರುತ್ತದೆ, ಅಷ್ಟೆ. ಆ ಜಾಗವನ್ನು ಹುಡುಕಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಸ್ವಲ್ಪ ತಾಳ್ಮೆ ಇದ್ದರೆ ನೀವೂ ನಿಮ್ಮ ಮಕ್ಕಳೂ ಸೇರಿ ಹುಡುಕಬಹುದು. ಶಾಲೆಯ ಪುಸ್ತಕದಲ್ಲಿ ಬಾಯಿಪಾಠ ಮಾಡುವ ವಿದ್ಯುತ್ ಪಾಠ ಆಗ ಕಣ್ಣೆದುರೇ ಅರ್ಥವಾಗುತ್ತದೆ.

ಕರೆಂಟು ಹೋಗಬೇಕು, ತಿರುಗಿ ಬರಬೇಕು

ಎಂಜಿನಿನ ಹೊಟ್ಟೆಯಲ್ಲೇ ಸೆಲ್ ಹಾಕಿ ಪ್ಲಾಸ್ಟಿಕ್ ಹಳಿಯ ಮೇಲೆ ಓಡಿಸುವ ರೈಲಿನ ವಿಷಯ ಬೇರೆ. ಇಲ್ಲಿ ಹೇಳುತ್ತಿರುವುದು ಲೋಹದ ಹಳಿಯಿಂದಲೇ ಕರೆಂಟು ಪಡೆಯುವ ಮಾಡೆಲ್ ರೈಲಿನ ಬಗ್ಗೆ. ಇವುಗಳಲ್ಲಿ ಬಹಳ ಜನಪ್ರಿಯವಾದುದು ಎಚ್‌ಒ ಅಳತೆ. ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಇದರ ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇನ್ನೂ ಚಿಕ್ಕದಾದ ಎನ್ ಅಳತೆಯಲ್ಲಿ ಈ ಅಂತರ 9 ಮಿ.ಮೀ. ಮಾತ್ರ.

ನಮ್ಮ ವಿದ್ಯುತ್ ರೈಲುಗಳನ್ನು ನೋಡಿದ್ದೀರಲ್ಲ? ಅವುಗಳಿಗೆ ಮೇಲಿನ ತಂತಿಯಿಂದ 25,000 ವೋಲ್ಟ್ ಕರೆಂಟು ಬರುತ್ತದೆ. ಅದು ಹಿಂದಿರುಗುವುದು ಹಳಿಯ ಮೂಲಕ. ಆಟದ ರೈಲಿಗೆ ಮೇಲೆ ತಂತಿಯಿಲ್ಲ. ಒಂದು ಹಳಿಯಲ್ಲಿ ಬಂದ ಕರೆಂಟು ಚಕ್ರದ ಮೂಲಕ ಮೋಟಾರಿಗೆ ಹೋಗಿ, ಎದುರಿನ ಚಕ್ರದಿಂದ ಇನ್ನೊಂದು ಹಳಿಗೆ ಇಳಿದು ಹಿಂದಿರುಗುತ್ತದೆ. ಎಡಬಲದ ಚಕ್ರಗಳು ನೇರವಾಗಿ ಒಂದಕ್ಕೊಂದು ತಾಗದಂತೆ ನಡುವೆ ಪ್ಲಾಸ್ಟಿಕ್ ಇರುತ್ತದೆ. ಈ ಸುತ್ತು ಪೂರ್ತಿಯಾದರೆ ರೈಲು ಓಡುತ್ತದೆ. ಎಲ್ಲಾದರೂ ಕಡಿದರೆ ನಿಲ್ಲುತ್ತದೆ. ಇದಿಷ್ಟನ್ನು ಮಗುವಿಗೆ ಅರ್ಥ ಮಾಡಿಸಿದರೆ ಅರ್ಧ ಕೆಲಸ ಮುಗಿಯಿತು.

ಕಂಟ್ರೋಲರಿನ ಗುಂಡಿ ತಿರುಗಿಸಿದಾಗ ಹಳಿಗೆ ಸೊನ್ನೆಯಿಂದ ಸುಮಾರು 12 ವೋಲ್ಟ್‌ವರೆಗೆ ಡಿಸಿ ಕರೆಂಟು ಬರುತ್ತದೆ. ವೋಲ್ಟ್ ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ. ಬಲಗಡೆಯ ಹಳಿ ಪ್ಲಸ್ ಆಗಿದ್ದರೆ ಎಂಜಿನ್ ಮುಂದಕ್ಕೆ, ಮೈನಸ್ ಆದರೆ ಹಿಂದಕ್ಕೆ ಹೋಗುತ್ತದೆ.

ಮೊದಲು ಅಡಾಪ್ಟರ್ ನೋಡಿ

ಹಳಿಯ ಮೇಲಿನ 12 ವೋಲ್ಟ್‌ನಿಂದ ಶಾಕ್ ಹೊಡೆಯುವ ಭಯವಿಲ್ಲ. ಆದರೆ ಗೋಡೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟ್. ಅದು ಜೀವ ತೆಗೆಯಬಲ್ಲದು. ಇವೆರಡರ ನಡುವಿನ ಗೋಡೆಯೇ ಅಡಾಪ್ಟರ್. ಆದ್ದರಿಂದ ಈ ಮಾತುಗಳನ್ನು ಮನೆಯ ಕಾನೂನಿನಂತೆ ಪಾಲಿಸಿ:

* ಅಡಾಪ್ಟರಿನ ಮೇಲೆ ಇನ್‌ಪುಟ್ ಎಂದಿರುವಲ್ಲಿ 230 ಅಥವಾ 100–240 ವೋಲ್ಟ್ ಎಂದಿದೆಯೇ ನೋಡಿ. ಅಮೆರಿಕದಿಂದ ತಂದ ಸೆಟ್ಟಿನಲ್ಲಿ 120 ಎಂದಷ್ಟೇ ಇದ್ದರೆ ನಮ್ಮ ಪ್ಲಗ್ಗಿಗೆ ಹಾಕಲೇಬೇಡಿ. ಸುಟ್ಟುಹೋಗುತ್ತದೆ, ಬೆಂಕಿ ಹತ್ತಿಕೊಳ್ಳಲೂಬಹುದು.
* ಒಡೆದ, ವಯರ್ ಕಿತ್ತ ಅಡಾಪ್ಟರನ್ನು ಟೇಪ್ ಸುತ್ತಿ ಬಳಸಬೇಡಿ. ಹೊಸದನ್ನೇ ತನ್ನಿ. ಅದನ್ನು ಬಿಚ್ಚಿ ನೋಡಲು ಮಕ್ಕಳನ್ನು ಬಿಡಬೇಡಿ.
* ಆಟ ಮುಗಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ತೆಗೆದಿಡಿ. ಒದ್ದೆ ಕೈಯಲ್ಲಿ ಮುಟ್ಟುವುದು ಬೇಡ.
* ಚಿಕ್ಕ ಸ್ಕ್ರೂ, ಅಯಸ್ಕಾಂತ, ಬಟನ್ ಸೆಲ್‌ಗಳನ್ನು ಮನೆಯ ಪುಟಾಣಿಗಳ ಕೈಗೆ ಸಿಗದಂತೆ ಇಡಿ. ಮಗು ಬಟನ್ ಸೆಲ್ ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಚಿಕ್ಕ ಲೇಔಟಿಗೆ ಒಂದು ಆಂಪಿಯರ್ ಕೊಡುವ ಕಂಟ್ರೋಲರ್ ಸಾಕು. 12 ವೋಲ್ಟ್, ಒಂದು ಆಂಪಿಯರ್ ಎಂದರೆ 12 ವ್ಯಾಟ್. ಒಂದು ಎಲ್‌ಇಡಿ ಬಲ್ಬಿಗೆ ಬೇಕಾಗುವಷ್ಟೇ ಕರೆಂಟು. ಹಾಗಾಗಿ ಬಿಲ್ಲಿನ ಚಿಂತೆ ಬೇಡ.

ಹಲಗೆಯ ಅಡಿಯಲ್ಲಿ ಎರಡು ವಯರ್

ಹಳಿಯನ್ನು ನೆಲದ ಮೇಲೆ ಹಾಸಿದರೆ ಕೂದಲು, ಧೂಳು ಎಂಜಿನಿನೊಳಗೆ ಸೇರುತ್ತದೆ. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಪ್ಲೈವುಡ್ ಹಲಗೆ ಇದ್ದರೆ ಎಚ್‌ಒ ಅಳತೆಯ ಚಿಕ್ಕ ತಿರುವಿನ ಒಂದು ಸುತ್ತು ಹಿಡಿಸುತ್ತದೆ. ಆಟ ಮುಗಿದ ಮೇಲೆ ಹಲಗೆಯನ್ನು ಮಂಚದ ಕೆಳಗೆ ತಳ್ಳಬಹುದು.

ಸೆಟ್ಟಿನ ಜೊತೆ ಬರುವ ಒಂದು ಜೋಡಿ ವಯರ್ ಹಳಿಯ ಒಂದೇ ಜಾಗಕ್ಕೆ ಕರೆಂಟು ಕೊಡುತ್ತದೆ. ಅಲ್ಲಿಂದ ಮುಂದಕ್ಕೆ ಅದು ಹಳಿಗಳನ್ನು ಜೋಡಿಸುವ ಪುಟ್ಟ ಲೋಹದ ತುಂಡುಗಳನ್ನು ದಾಟುತ್ತಾ ಹೋಗಬೇಕು. ಈ ತುಂಡುಗಳು ಸಡಿಲವಾದರೆ, ಕರಾವಳಿಯ ತೇವಕ್ಕೆ ಕಪ್ಪಾದರೆ ರೈಲು ವಯರಿನ ಹತ್ತಿರ ಜೋರಾಗಿ, ಎದುರು ಬದಿಯಲ್ಲಿ ನಿಧಾನವಾಗಿ ಓಡುತ್ತದೆ. ಇದಕ್ಕೆ ಉಪಾಯ ಸುಲಭ. ಹಲಗೆಯ ಅಡಿಯಲ್ಲಿ ಕೆಂಪು, ಕಪ್ಪು ಬಣ್ಣದ ಎರಡು ದಪ್ಪ ವಯರ್ ಎಳೆಯಿರಿ. ಸುಮಾರು ಒಂದು ಮೀಟರಿಗೊಮ್ಮೆ ಅವುಗಳಿಂದ ತೆಳು ವಯರ್ ತಂದು ಹಳಿಗೆ ಬೆಸುಗೆ ಹಾಕಿ. ಒಳಗಿನ ಹಳಿಗೆ ಯಾವಾಗಲೂ ಕಪ್ಪು, ಹೊರಗಿನದಕ್ಕೆ ಯಾವಾಗಲೂ ಕೆಂಪು. ಒಂದೇ ಒಂದು ಕಡೆ ಅದಲುಬದಲಾದರೂ ಶಾರ್ಟ್ ಆಗುತ್ತದೆ.

ಬೆಸುಗೆ ಹಾಕುವ ಕೆಲಸ ದೊಡ್ಡವರದು. ಕಾದ ಮೊನೆ ಚರ್ಮ ಸುಡುತ್ತದೆ. ಕಿಟಕಿ ತೆರೆದಿಡಿ. ಬೆಸುಗೆ ತಂತಿಯಲ್ಲಿ ಸೀಸ ಇರಬಹುದಾದ್ದರಿಂದ ಕೆಲಸ ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ.

ಒಂದು ರೈಲನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕೇ? ಪಕ್ಕದ ಹಳಿಯಲ್ಲಿ ಒಂದು ಬದಿಯ ಲೋಹದ ಜೋಡಣೆ ತೆಗೆದು ಪ್ಲಾಸ್ಟಿಕ್ ಜೋಡಣೆ ಹಾಕಿ. ಅದರಿಂದಾಚೆಯ ತುಂಡಿಗೆ ಒಂದು ಸ್ವಿಚ್ಚಿನ ಮೂಲಕ ಕರೆಂಟು ಕೊಡಿ. ಸ್ವಿಚ್ ಆರಿಸಿದರೆ ಆ ರೈಲು ಅಲ್ಲೇ ನಿಲ್ಲುತ್ತದೆ. ಹಳಿ ಬದಲಿಸುವ ಪಾಯಿಂಟಿಗೆ ಕಾಯಿಲ್ ಇರುವ ಮೋಟಾರ್ ಇದ್ದರೆ ಕಾಲಿಂಗ್ ಬೆಲ್ಲಿನಂಥ ಒತ್ತುವ ಗುಂಡಿಯನ್ನೇ ಬಳಸಿ. ಅದಕ್ಕೆ ಒಂದು ಕ್ಷಣದ ಕರೆಂಟು ಸಾಕು; ಒತ್ತಿಹಿಡಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ರೈಲು ಸುತ್ತು ಹಾಕಿ, ತಾನು ಬಂದ ಹಳಿಗೇ ಎದುರುಮುಖವಾಗಿ ಸೇರುವಂತೆ ಮಾಡುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಆದರೆ ಹಾಗೆ ಮಾಡಿದರೆ ಎಡ ಹಳಿ ಹೋಗಿ ಬಲ ಹಳಿಯನ್ನೇ ಸೇರುತ್ತದೆ, ಕೂಡಲೇ ಶಾರ್ಟ್. ಇದನ್ನು ಹೇಳಿಬಿಡಬೇಡಿ. ಒಂದು ಕಾಗದದಲ್ಲಿ ಎರಡು ಬಣ್ಣದ ಪೆನ್ಸಿಲಿನಿಂದ ಎರಡು ಹಳಿ ಬರೆಯಲು ಹೇಳಿ. ಎಲ್ಲಿ ತಪ್ಪುತ್ತದೆ ಎಂಬುದನ್ನು ಅವರೇ ಕಂಡುಹಿಡಿಯುತ್ತಾರೆ.

ರೈಲು ನಿಂತರೆ

ಮೊದಲು ಕಂಟ್ರೋಲರ್ ನೋಡಿ. ಅದರ ಕಟ್‌ಔಟ್ ಬಿದ್ದಿದ್ದರೆ ಹಳಿಗೆ ಅಡ್ಡವಾಗಿ ಪಿನ್ನು, ಚಮಚ, ಹಳಿ ತಪ್ಪಿದ ಚಕ್ರ ಏನಾದರೂ ಇದೆಯೇ ಹುಡುಕಿ. ಕಟ್‌ಔಟ್ ಬೀಳದೆ ರೈಲು ಮಾತ್ರ ನಿಂತಿದ್ದರೆ ಕೊಳೆ ಅಥವಾ ಸಡಿಲ ಜೋಡಣೆ ಕಾರಣ ಎಂದು ತಿಳಿಯಿರಿ. ಸ್ವಿಚ್ ಆರಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಹಳಿ ಮತ್ತು ಚಕ್ರಗಳನ್ನು ಒರೆಸಿ. ಅದು ಬೇಗ ಬೆಂಕಿ ಹಿಡಿಯುವ ವಸ್ತು, ಪೂರ್ತಿ ಆರಿದ ಮೇಲೆಯೇ ಕರೆಂಟು ಕೊಡಿ. ಮರಳು ಕಾಗದದಿಂದ ಉಜ್ಜಬೇಡಿ. ಗೀರು ಬಿದ್ದಲ್ಲಿ ಕೊಳೆ ಇನ್ನಷ್ಟು ಕೂರುತ್ತದೆ.

ಆದರೂ ಓಡದಿದ್ದರೆ ಒಂದು 12 ವೋಲ್ಟ್ ಬಲ್ಬಿಗೆ ಎರಡು ವಯರ್ ಕಟ್ಟಿ, ಅವುಗಳ ತುದಿಯನ್ನು ಎರಡು ಹಳಿಗೆ ತಾಗಿಸಿ. ಕಂಟ್ರೋಲರಿನ ಬಳಿ ಬಲ್ಬು ಉರಿಯಿತೇ? ಅರ್ಧ ದಾರಿಯಲ್ಲಿ ಉರಿಯಿತೇ? ಎಲ್ಲಿ ಉರಿಯುವುದು ನಿಂತಿತೋ ಅದರ ಸ್ವಲ್ಪ ಹಿಂದೆಯೇ ತೊಂದರೆ ಇದೆ. ಬಲ್ಬು ಎಲ್ಲ ಕಡೆ ಉರಿದೂ ರೈಲು ಓಡದಿದ್ದರೆ ತೊಂದರೆ ಎಂಜಿನಿನಲ್ಲಿದೆ.

ಆಟವೇ ಪಾಠವಾದದ್ದು

ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ವಿದ್ಯಾರ್ಥಿಗಳ ಒಂದು ಮಾಡೆಲ್ ರೈಲು ಕ್ಲಬ್ ಶುರುವಾಯಿತು. ಅಲ್ಲಿ ಕೆಲವರಿಗೆ ಹಲಗೆಯ ಮೇಲಿನ ರೈಲಿಗಿಂತ ಹಲಗೆಯ ಅಡಿಯ ವಯರುಗಳಲ್ಲೇ ಹೆಚ್ಚು ಆಸಕ್ತಿ. ಟೆಲಿಫೋನ್ ಎಕ್ಸ್‌ಚೇಂಜಿನ ಬಿಡಿಭಾಗಗಳನ್ನು ಜೋಡಿಸಿ ರೈಲು ನಿಯಂತ್ರಿಸುತ್ತಿದ್ದ ಆ ಬಳಗದವರೇ ಮುಂದೆ ಕಂಪ್ಯೂಟರ್ ಕಡೆಗೆ ಹೊರಳಿದರು. ಆರಂಭ ಕಾಲದ ಪ್ರಸಿದ್ಧ ಕಂಪ್ಯೂಟರ್ ಆಟ 'ಸ್ಪೇಸ್‌ವಾರ್' 1962ರಲ್ಲಿ ಅವರ ನಡುವಿನಿಂದಲೇ ಬಂತು.

ರೈಲು ಹುಡುಗರ ಆಟ, ಗೊಂಬೆ ಹುಡುಗಿಯರ ಆಟ ಎಂದು ನಾವೇ ಗೆರೆ ಎಳೆದಿದ್ದೇವೆ. ಕರೆಂಟಿಗೆ ಆ ಗೆರೆ ಗೊತ್ತಿಲ್ಲ. ಬಲ್ಬು ಹಿಡಿದು ಹಳಿಯ ತೊಂದರೆ ಹುಡುಕಿದ ಮಗಳು ನಾಳೆ ಫ್ಯೂಸ್ ಹೋದಾಗ ಕತ್ತಲಲ್ಲಿ ಹೆದರಿ ಕೂರುವುದಿಲ್ಲ. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆ ಅವಳಿಗಿರುತ್ತದೆ. ಕಪಾಟಿನ ಮೇಲಿನ ರೈಲನ್ನು ಈ ರಜೆಯಲ್ಲಿ ಕೆಳಗಿಳಿಸಿ. ಧೂಳು ಒರೆಸುವ ಕೆಲಸವನ್ನು ಮಗನಿಗೆ ಕೊಡಿ, ಬಲ್ಬು ಮಗಳ ಕೈಯಲ್ಲಿರಲಿ.