ಬಳಸಿದ ಬಾಡಿ ಭಾಗಗಳ ಖರೀದಿ: ಅಳತೆ ಅಂಗಡಿಯಲ್ಲೇ ಆಗಬೇಕು

ವ್ಯಾಪಾರಕ್ಕಾಗಿ ಓಡುವ ಹತ್ತು ಹದಿನೈದು ವರ್ಷದ ಕಾರಿನ ಬಾಗಿಲೋ ಬಾನೆಟ್ಟೋ ಜಖಂಗೊಂಡಾಗ, ಹೊಸದನ್ನು ಬಿಟ್ಟು ಗುಜರಿ ಮಾಲನ್ನು ಹುಡುಕುವುದು ಸಹಜವೇ. ಕ್ಯಾಸಂಬಳ್ಳಿ, ಬೇತಮಂಗಲ, ರಾಬರ್ಟ್‌ಸನ್‌ಪೇಟೆ ಕಡೆಯ ಮಾಲೀಕರು ಇದಕ್ಕಾಗಿ ಬೆಂಗಳೂರಿನ ಶಿವಾಜಿನಗರದವರೆಗೆ ಹೋಗುವುದುಂಟು. ದಾರಿ ಸುಮಾರು 100 ಕಿ.ಮೀ. ಬೆಲೆಯಲ್ಲಿ ಮೂರು ಸಾವಿರ ರೂಪಾಯಿ ಉಳಿಯಿತೆಂದೇ ಇಟ್ಟುಕೊಂಡರೂ, ತಂದ ಬಾಗಿಲು ಸರಿಯಾಗಿ ಕೂರದಿದ್ದರೆ ಮರುಪ್ರಯಾಣ, ಟಿಂಕರಿಂಗ್ ಕೂಲಿ, ವಾಹನ ನಿಂತ ದಿನಗಳ ವ್ಯಾಪಾರನಷ್ಟ ಇವೆಲ್ಲವೂ ಸೇರಿ ಆ ಉಳಿತಾಯವನ್ನು ನುಂಗಿಹಾಕುತ್ತವೆ.

ಮೋಸಕ್ಕಿಂತ ಹೆಚ್ಚಾಗಿ ಕಾಡುವುದು ಹೋಲಿಕೆಯ ಭ್ರಮೆ. 2005ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಸ್ವಿಫ್ಟ್ ಮತ್ತು 2011ರ ಹೊಸ ಸ್ವಿಫ್ಟ್ ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರ ಮೊದಲನೆಯದರಲ್ಲಿ 2390 ಮಿ.ಮೀ., ಎರಡನೆಯದರಲ್ಲಿ 2430 ಮಿ.ಮೀ. ಆದ್ದರಿಂದ ‘ಸ್ವಿಫ್ಟ್ ಬಾಗಿಲು’ ಎಂದಷ್ಟೇ ಕೇಳಿ ಕೊಳ್ಳುವುದು ಸಲ್ಲದು. ತಯಾರಿಕೆಯ ವರ್ಷ, ತಿಂಗಳು, ಮಾದರಿಯ ದರ್ಜೆ ಇವೆಲ್ಲವನ್ನೂ ಹೇಳಬೇಕು. ಒಂದೇ ಪೀಳಿಗೆಯ ಕಾರಿನಲ್ಲಿಯೂ ದರ್ಜೆಗನುಸಾರ ಫೆಂಡರಿನ ಮೇಲೆ ಇಂಡಿಕೇಟರ್ ತೂತು ಇರಬಹುದು, ಇಲ್ಲದಿರಬಹುದು.

ಅತ್ಯುತ್ತಮ ಅಳತೆಗೋಲು ಜಖಂಗೊಂಡ ಹಳೆಯ ಭಾಗವೇ. ಅದನ್ನು ಒಯ್ಯಲು ಸಾಧ್ಯವಿಲ್ಲವಾದರೆ ಬೋಲ್ಟ್ ತೂತುಗಳ ಮೇಲೆ ದಪ್ಪ ರಟ್ಟನ್ನಿಟ್ಟು ಗುರುತು ಮಾಡಿಕೊಳ್ಳಬೇಕು. ಜಜ್ಜಿದ ಭಾಗದ ಗುರುತು ಸುಳ್ಳು ಹೇಳುವುದರಿಂದ, ಎದುರು ಮಗ್ಗುಲಿನ ಸರಿಯಾದ ಭಾಗದ ಮೇಲೆ ಗುರುತು ಮಾಡಿ ರಟ್ಟನ್ನು ಮಗುಚಿಕೊಳ್ಳುವುದು ಲೇಸು. ಅಂಗಡಿಯಲ್ಲಿ ಆ ರಟ್ಟನ್ನಿಟ್ಟು ಎಲ್ಲ ತೂತುಗಳನ್ನೂ ಹೋಲಿಸಬೇಕು. ಒಂದೆರಡು ತಾಳೆಯಾದವೆಂದು ಒಪ್ಪಿಕೊಳ್ಳಬಾರದು. ಬಾಗಿಲಾದರೆ ಕೀಲುಗಳ ಸಡಿಲಿಕೆ, ಗಾಜಿನ ಜಾಡು, ಬೀಗದ ಸ್ಥಾನ. ಬಾನೆಟ್ಟಾದರೆ ಕೊಂಡಿ ಮತ್ತು ಕೀಲಿನ ತಳ. ಬಂಪರಾದರೆ ಕ್ಲಿಪ್ಪಿನ ಕಿವಿಗಳು ಮುರಿದಿವೆಯೇ ಎಂಬುದನ್ನು ನೋಡಬೇಕು. ಪುಟ್ಟಿ ದಪ್ಪನಾಗಿ ಮೆತ್ತಿದ ಕಡೆ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಹಿಡಿಯದೆ ಜಾರುತ್ತದೆ. ಬಾಗಿಲಿನ ತಳ ಅಂಚಿನ ಮಡಿಕೆಯಲ್ಲಿ ಬಣ್ಣ ಉಬ್ಬಿದ್ದರೆ ಒಳಗೆ ತುಕ್ಕು ಇದೆ ಎಂದೇ ತಿಳಿಯಬೇಕು.

ಭಾಗ ಸರಿಯಿದ್ದು ಕಾರೇ ಬಾಗಿದ್ದರೆ? ಟಿಂಕರರು ಅಂಗಡಿಯವನನ್ನು ಬೈಯುವ ಎಷ್ಟೋ ಸಂದರ್ಭಗಳಲ್ಲಿ ದೋಷ ಇಲ್ಲಿರುವುದುಂಟು. ಹೊರಡುವ ಮುನ್ನವೇ ಬಾಗಿಲ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಟೇಪಿನಿಂದ ಅಳೆದು ಎದುರು ಮಗ್ಗುಲಿನ ಅಳತೆಗೆ ಹೋಲಿಸಬೇಕು. ಅಂತರ ಕಂಡುಬಂದರೆ ಮೊದಲು ಚೌಕಟ್ಟನ್ನು ನೇರ ಮಾಡಿಸಬೇಕು. ಎಷ್ಟು ಒಳ್ಳೆಯ ಬಾಗಿಲು ತಂದರೂ ಅದು ವಕ್ರವಾಗಿಯೇ ನಿಲ್ಲುತ್ತದೆ. ಹಿಂದಿನ ಮಗ್ಗುಲಿನ ಕ್ವಾರ್ಟರ್ ಪ್ಯಾನೆಲ್ಲಿನದು ಬೇರೆಯೇ ಮಾತು. ಅದನ್ನು ಬೋಲ್ಟಿನಿಂದಲ್ಲ, ಬೆಸುಗೆಯಿಂದ ಕೂರಿಸುವುದು. ಗುಜರಿಯಲ್ಲಿ ಕತ್ತರಿಸುವಾಗ ಬೇಕಾದ ಗೆರೆಗಿಂತ ಹೊರಗೆ ಎರಡು ಮೂರು ಅಂಗುಲ ಹೆಚ್ಚು ಬಿಡಲು ಹೇಳಬೇಕು. ಹೆಚ್ಚಾದದ್ದನ್ನು ಕತ್ತರಿಸಬಹುದು, ಕಡಿಮೆಯಾದರೆ ತೇಪೆಯೇ ಗತಿ.

ಬಿಲ್ಲಿನ ವಿಷಯದಲ್ಲಿ ಉದಾಸೀನ ಸಲ್ಲದು. ಕದ್ದ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ ಕೊಂಡವನೂ ಅಪರಾಧಿ. ಇಂಥ ಮಾಲನ್ನೇ ವ್ಯಾಪಾರ ಮಾಡುವ ನೋಂದಾಯಿತ ವರ್ತಕರು, ಖರೀದಿಯ ಮೇಲೆ ಇನ್‌ಪುಟ್ ತೆರಿಗೆ ಜಮೆ ಪಡೆಯದಿದ್ದಲ್ಲಿ, ಕೇಂದ್ರ ಜಿಎಸ್‌ಟಿ ನಿಯಮಗಳ 32(5)ರಂತೆ ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ಅಂತರದ ಮೇಲಷ್ಟೇ ತೆರಿಗೆ ಕಟ್ಟಬಹುದು. ಕೊಳ್ಳುವವರು ‘ಕೂರದಿದ್ದರೆ ವಾಪಸು’ ಎಂಬ ಮಾತನ್ನು ದಿನಗಳ ಗಡುವಿನೊಡನೆ ಬಿಲ್ಲಿನ ಮೇಲೆಯೇ ಬರೆಸಿಕೊಂಡು, ಊರಿಗೆ ಬಂದೊಡನೆ ಬಣ್ಣ ಹಚ್ಚಿಸದೆ ಒಮ್ಮೆ ಕೂರಿಸಿ ನೋಡಬೇಕು. ಬಣ್ಣ ಬಿದ್ದ ಭಾಗವನ್ನು ಯಾವ ಅಂಗಡಿಯವನೂ ಸುಲಭವಾಗಿ ಹಿಂದಕ್ಕೆ ಪಡೆಯುವುದಿಲ್ಲ.