ಸತ್ತ ಆಟಗಾರನ ಲೆಕ್ಕ ಬದಲಾದದ್ದು ಹೇಗೆ?

2024ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ದಾಖಲೆಗಳಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಬ್ಯಾಟಿಂಗ್ ಸರಾಸರಿಯಲ್ಲಿ ಸುಮಾರು ಒಂದು ಶತಮಾನ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್ ಎರಡನೆಯವರಾದರು. ಜಾಶ್ ಗಿಬ್ಸನ್ ಎಂಬವರು ಮೊದಲನೆಯವರಾದರು. ಆಶ್ಚರ್ಯವೇನೆಂದರೆ ಗಿಬ್ಸನ್ ತೀರಿಹೋಗಿ ಆಗಲೇ 77 ವರ್ಷ ಕಳೆದಿತ್ತು.

ಅಕೌಂಟೆನ್ಸಿ ಓದುವವರಿಗೆ ಇದು ಸುಮ್ಮನೆ ಬಿಡುವ ವಿಷಯವಲ್ಲ. ಮುಚ್ಚಿದ ಖಾತೆಯ ಬ್ಯಾಲೆನ್ಸ್ ತಾನಾಗಿ ಬದಲಾಗುವುದಿಲ್ಲ. ಬದಲಾಗಿದೆ ಎಂದರೆ ಬಿಟ್ಟುಹೋಗಿದ್ದ ಎಂಟ್ರಿಗಳನ್ನು ಯಾರೋ ಹುಡುಕಿ ಸೇರಿಸಿದ್ದಾರೆ. ಹಾಗಾದರೆ ಅವು ಬಿಟ್ಟುಹೋದದ್ದು ಏಕೆ, ಹುಡುಕಿದವರು ಯಾರು ಎಂದು ಓದುತ್ತಾ ಹೋದೆ. ಓದಿದ್ದರಲ್ಲಿ ಒಂದಿಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮೈದಾನದಲ್ಲಿ ಬೇಸ್‌ಬಾಲ್ ಆಡುವವರಿಲ್ಲ, ಆದ್ದರಿಂದ ಮೊದಲು ಸರಾಸರಿಯ ಲೆಕ್ಕ. ಕ್ರಿಕೆಟ್‌ನಲ್ಲಿ ಒಟ್ಟು ರನ್‌ಗಳನ್ನು ಎಷ್ಟು ಸಲ ಔಟಾದರೋ ಅದರಿಂದ ಭಾಗಿಸುತ್ತೇವೆ. ಬೇಸ್‌ಬಾಲ್‌ನಲ್ಲಿ ಲೆಕ್ಕ ಬೇರೆ. ಬ್ಯಾಟ್ ಮಾಡಲು ಬಂದ ಸರದಿಗಳಲ್ಲಿ ಎಷ್ಟು ಸಲ ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸ್ ಮುಟ್ಟಿದರು ಎಂದು ನೋಡುತ್ತಾರೆ (ಕೆಲವು ಸರದಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಈಗ ಬೇಡ). ಸಾವಿರ ಸರದಿಗೆ 300 ಸಲ ಹೊಡೆದರೆ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಕಾಬ್ ಅವರ ಲೆಕ್ಕ 367. ಗಿಬ್ಸನ್ ಅವರದು 372. ಅದೂ ಅವರು ಕ್ಯಾಚರ್ ಆಗಿದ್ದರು, ಅಂದರೆ ನಮ್ಮ ವಿಕೆಟ್ ಕೀಪರ್ ತರಹ ಬ್ಯಾಟರ್ ಹಿಂದೆ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ.

ಇಂಥವರು ದಾಖಲೆಯಲ್ಲಿ ಇರದಿದ್ದದ್ದಕ್ಕೆ ಕಾರಣ ಅವರ ಚರ್ಮದ ಬಣ್ಣ. 1880ರ ದಶಕದಿಂದ 1946ರವರೆಗೆ ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ಹಾಗೆಂದು ಯಾವ ನಿಯಮ ಪುಸ್ತಕದಲ್ಲೂ ಬರೆದಿರಲಿಲ್ಲ. ತಂಡಗಳ ಮಾಲೀಕರು ತಮ್ಮತಮ್ಮಲ್ಲೇ ಮಾಡಿಕೊಂಡ ಬಾಯಿಮಾತಿನ ಒಪ್ಪಂದ ಅದು. ಹೊರಗೆ ಉಳಿದವರು ತಮ್ಮದೇ ತಂಡಗಳನ್ನು ಕಟ್ಟಿದರು. 1920ರಲ್ಲಿ ರೂಬ್ ಫಾಸ್ಟರ್ ಎಂಬ ಆಟಗಾರ ಕನ್ಸಾಸ್ ಸಿಟಿಯಲ್ಲಿ ತಂಡದ ಮಾಲೀಕರನ್ನು ಸೇರಿಸಿ ಒಂದು ಲೀಗ್ ಶುರುಮಾಡಿದರು. ಇಂತಹ ಲೀಗ್‌ಗಳನ್ನು ಆಗಿನ ಮಾತಿನಲ್ಲಿ ನೀಗ್ರೋ ಲೀಗ್ ಎಂದು ಕರೆದರು. ಇತಿಹಾಸದ ಹೆಸರಾಗಿ ಅದು ಈಗಲೂ ಉಳಿದಿದೆ.

ಗಿಬ್ಸನ್ ಪಿಟ್ಸ್‌ಬರ್ಗ್ ಕಡೆಯ ಎರಡು ತಂಡಗಳಿಗೆ ಆಡಿದರು. 1947ರ ಜನವರಿ 20ರಂದು, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಾಗಿ ಮೂರು ತಿಂಗಳು ತುಂಬುವುದರೊಳಗೆ, ಏಪ್ರಿಲ್ 15ರಂದು, ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಆಡಲು ಇಳಿದರು. ಇಪ್ಪತ್ತನೇ ಶತಮಾನದಲ್ಲಿ ದೊಡ್ಡ ಲೀಗ್‌ಗೆ ಬಂದ ಮೊದಲ ಕಪ್ಪು ಆಟಗಾರ ಅವರೇ. ಈ ಎರಡು ತಾರೀಖುಗಳನ್ನು ನೋಟ್‌ಬುಕ್‌ನಲ್ಲಿ ಒಂದರ ಕೆಳಗೆ ಒಂದು ಬರೆದುಕೊಂಡು ತುಂಬಾ ಹೊತ್ತು ನೋಡಿದೆ.

ರಾಬಿನ್‌ಸನ್ ಅವರನ್ನು ಅಮೆರಿಕ ಚೆನ್ನಾಗಿಯೇ ನೆನೆಯುತ್ತದೆ. ಅವರ ಅಂಗಿಯ ಸಂಖ್ಯೆ 42. 1997ರಲ್ಲಿ ಆ ಸಂಖ್ಯೆಯನ್ನು ಎಲ್ಲ ತಂಡಗಳಿಂದಲೂ ತೆಗೆದರು, ಇನ್ನು ಮುಂದೆ ಹೊಸದಾಗಿ ಯಾರಿಗೂ ಕೊಡುವುದಿಲ್ಲ. ಆದರೆ ಪ್ರತಿ ವರ್ಷ ಏಪ್ರಿಲ್ 15ರಂದು ಎಲ್ಲ ಆಟಗಾರರೂ 42 ಎಂದು ಬರೆದ ಅಂಗಿಯನ್ನೇ ಹಾಕುತ್ತಾರೆ. ಆ ದಿನ ಸ್ಕೋರ್ ಬರೆಯುವವರ ಪಾಡು ಏನಾಗುತ್ತದೋ! ಚಂದದ ಸಂಪ್ರದಾಯ, ಒಪ್ಪುತ್ತೇನೆ. ಆದರೆ ಬಾಗಿಲು ದಾಟಿದವರ ನೆನಪಿಗೆ ಒಂದು ದಿನ ಇದೆ, ಬಾಗಿಲು ತೆರೆಯುವ ಮೊದಲೇ ಹೋದವರಿಗೆ ಏನಿದೆ?

ಗಿಬ್ಸನ್ ಅವರಿಗೆ ಬಹಳ ಕಾಲ ಒಂದು ಕಲ್ಲೂ ಇರಲಿಲ್ಲ. ಪಿಟ್ಸ್‌ಬರ್ಗ್‌ನ ಅಲಿಗೆನಿ ಸ್ಮಶಾನದಲ್ಲಿರುವ ಅವರ ಸಮಾಧಿಗೆ ಹೆಸರಿನ ಫಲಕ ಬಂದದ್ದು 1975ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ಅವರನ್ನು ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಲಾಗಿತ್ತು. ಅಂದರೆ ಕೂಪರ್ಸ್‌ಟೌನ್ ಊರಿನ ಆ ಮ್ಯೂಸಿಯಂನ ಗೋಡೆಯ ಮೇಲೆ ಅವರ ಕಂಚಿನ ಮುಖ ಇತ್ತು, ಮಣ್ಣಿನ ಮೇಲೆ ಹೆಸರು ಇರಲಿಲ್ಲ.

ಇಲ್ಲಿ ನಮ್ಮಲ್ಲಿ ಕೆಲವರಿಗೆ ಒಂದು ಪ್ರಶ್ನೆ ಬರಬಹುದು, ನನಗೂ ಬಂತು. ನಮ್ಮ ಕಬರಸ್ತಾನದಲ್ಲಿ ಎಷ್ಟೋ ಕಬರುಗಳ ಮೇಲೆ ಕಲ್ಲಿಲ್ಲ, ಮಣ್ಣಿನ ಸಣ್ಣ ದಿಬ್ಬ ಮಾತ್ರ. ಅದನ್ನು ನಾವು ಅವಮಾನ ಎಂದುಕೊಳ್ಳುವುದಿಲ್ಲ. ಸಾವಾದ ಮೇಲೆ ಆಡಂಬರ ಬೇಡ ಎಂದು ಹಿರಿಯರು ಹೇಳುತ್ತಾರೆ. ಹಾಗಿದ್ದರೆ ಅಮೆರಿಕದಲ್ಲಿ ಕಲ್ಲಿಲ್ಲದ ಸಮಾಧಿಗೆ ಇಷ್ಟು ದುಃಖ ಏಕೆ? ನನಗೆ ತೋಚಿದ್ದು ಇಷ್ಟು. ಅಲ್ಲಿ ಕಲ್ಲು ಇಡುವುದೇ ರೂಢಿ. ಸುತ್ತಲಿನ ಎಲ್ಲರಿಗೂ ಕಲ್ಲಿದ್ದು ಒಬ್ಬರಿಗೆ ಮಾತ್ರ ಇಲ್ಲವೆಂದರೆ ದುಡ್ಡು ಇರಲಿಲ್ಲ, ಅಥವಾ ಕೇಳುವವರು ಇರಲಿಲ್ಲ. ಅದನ್ನು ಸರಳತೆ ಎನ್ನಲು ಬರುವುದಿಲ್ಲ. ನಮ್ಮ ಮನೆಯಲ್ಲಿ ತೀರಿಹೋದವರ ಹೆಸರಿಗೆ ‘ಮರ್ಹೂಮ್’ ಎಂದು ಸೇರಿಸಿ ಹೇಳುತ್ತಾರೆ, ಕನ್ನಡದಲ್ಲಿ ದಿವಂಗತ ಎಂದ ಹಾಗೆ. ಹಾಗೆ ಹೇಳುವುದಕ್ಕೂ ಮೊದಲು ಹೆಸರು ಗೊತ್ತಿರಬೇಕು.

ಈ ಕಲ್ಲುಗಳ ಕೆಲಸವನ್ನು ದೊಡ್ಡದಾಗಿ ಎತ್ತಿಕೊಂಡವರು ಜೆರೆಮಿ ಕ್ರಾಕ್. ಇಲಿನಾಯ್ ರಾಜ್ಯದ ಪಿಯೋರಿಯಾ ಊರಿನ ವೈದ್ಯರು, ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವವರು. ಅವರ ಕುಟುಂಬದ ಹಿರಿಯರು ಮಿಸೌರಿಯ ಆರ್ಡ್‌ಮೋರ್ ಎಂಬ ಸಣ್ಣ ಊರಿನವರು. ಜಿಮ್ಮಿ ಕ್ರಚ್‌ಫೀಲ್ಡ್ ಎಂಬ ನೀಗ್ರೋ ಲೀಗ್ ಆಟಗಾರ ಹುಟ್ಟಿದ್ದೂ ಅದೇ ಊರಿನಲ್ಲಿ. ಮನೆಯಲ್ಲಿ ಹಿರಿಯರು ಅವರ ಆಟದ ಬಗ್ಗೆ ಹೇಳುವುದನ್ನು ಕ್ರಾಕ್ ಚಿಕ್ಕಂದಿನಿಂದ ಕೇಳಿದ್ದರು. ಕ್ರಚ್‌ಫೀಲ್ಡ್ 1993ರಲ್ಲಿ ಷಿಕಾಗೊದಲ್ಲಿ ತೀರಿಕೊಂಡಿದ್ದರು. ಊರ ಹೊರಗಿನ ಬರ್ ಓಕ್ ಸ್ಮಶಾನದಲ್ಲಿ ಅವರ ಸಮಾಧಿಗೆ ಗುರುತೇ ಇಲ್ಲ ಎಂದು ಕ್ರಾಕ್ ಅವರಿಗೆ ತಿಳಿಯಿತು. ಬೇಸ್‌ಬಾಲ್ ಇತಿಹಾಸ ಸಂಶೋಧಕರ ಸಂಘದ ಸದಸ್ಯರನ್ನು ಕೇಳಿಕೊಂಡರು, ಜನ ಕೈಲಾದಷ್ಟು ಹಣ ಕೊಟ್ಟರು. ಅದೇ ಸ್ಮಶಾನದಲ್ಲಿ ಇನ್ನೂ ಇಬ್ಬರು ಹೀಗೆಯೇ ಇದ್ದಾರೆ ಎಂದು ಗೊತ್ತಾಯಿತು. ಒಬ್ಬರು 1943 ಮತ್ತು 1944ರಲ್ಲಿ ತಂಡವನ್ನು ಚಾಂಪಿಯನ್ ಮಾಡಿದ ಮ್ಯಾನೇಜರ್ ಕ್ಯಾಂಡಿ ಜಿಮ್ ಟೇಲರ್, ಇನ್ನೊಬ್ಬರು ಎಡಗೈ ಪಿಚರ್ ಜಾನ್ ಡೊನಾಲ್ಡ್‌ಸನ್. 2004ರಲ್ಲಿ ಮೂವರಿಗೂ ಕಲ್ಲು ಬಂತು. ಆಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ ಹತ್ತಾರು ಸಮಾಧಿಗಳಿಗೆ ಹೀಗೆಯೇ ಕಲ್ಲು ಇಟ್ಟಿದ್ದಾರೆ.

ಕಲ್ಲು ಇಡುವುದಕ್ಕಿಂತ ಸಮಾಧಿ ಹುಡುಕುವುದೇ ಕಷ್ಟ. ಮರಣ ಪ್ರಮಾಣಪತ್ರ ತೆಗೆಸಬೇಕು, ಹಳೆಯ ಪತ್ರಿಕೆಯಲ್ಲಿ ಸಾವಿನ ಸುದ್ದಿ ನೋಡಬೇಕು, ಸ್ಮಶಾನದ ರಿಜಿಸ್ಟರ್‌ನಲ್ಲಿ ಸಾಲು ಮತ್ತು ನಂಬರ್ ಹೊಂದಿಸಬೇಕು. ರಿಜಿಸ್ಟರ್ ಸರಿಯಾಗಿ ಇಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಬರ್ ಓಕ್ ಸ್ಮಶಾನವೇ ಉದಾಹರಣೆ. 2009ರಲ್ಲಿ ಅಲ್ಲಿ ಹಳೆಯ ಸಮಾಧಿಗಳನ್ನು ಅಗೆದು, ಅದೇ ಜಾಗವನ್ನು ಇನ್ನೊಬ್ಬರಿಗೆ ಮಾರಿದ ಪ್ರಕರಣ ಬಯಲಾಗಿ ದೇಶವೆಲ್ಲ ಸುದ್ದಿಯಾಯಿತು.

ಇವರೆಲ್ಲರಲ್ಲಿ ನನ್ನನ್ನು ಹೆಚ್ಚು ಕಾಡಿದವರು ಸಾಲ್ ವೈಟ್. ಅವರು ಆಟಗಾರರೂ ಹೌದು, ಮ್ಯಾನೇಜರೂ ಹೌದು. 1907ರಲ್ಲಿಯೇ ಕಪ್ಪು ಆಟಗಾರರ ಬೇಸ್‌ಬಾಲ್ ಇತಿಹಾಸವನ್ನು ಸಣ್ಣ ಪುಸ್ತಕವಾಗಿ ಬರೆದಿದ್ದರು. ಆ ಕಾಲದ ಎಷ್ಟೋ ಹೆಸರುಗಳು ಇಂದು ನಮಗೆ ಸಿಗುವುದು ಅವರು ಬರೆದಿಟ್ಟದ್ದರಿಂದ. 1955ರಲ್ಲಿ ತೀರಿಕೊಂಡಾಗ ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನಲ್ಲಿ ಅವರನ್ನು ಗುರುತಿಲ್ಲದ ಸಮಾಧಿಯಲ್ಲಿ ಮಣ್ಣು ಮಾಡಿದರು. 2006ರಲ್ಲಿ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಕಲ್ಲು ಬಂದದ್ದು 2014ರಲ್ಲಿ.

ಈಗ ಮತ್ತೆ ಗಿಬ್ಸನ್ ಅವರ 372ಕ್ಕೆ ಬರೋಣ. ನೀಗ್ರೋ ಲೀಗ್‌ಗಳ ಸ್ಕೋರುಗಳನ್ನು ದೊಡ್ಡ ಪತ್ರಿಕೆಗಳು ಹೆಚ್ಚಾಗಿ ಹಾಕುತ್ತಿರಲಿಲ್ಲ. ಷಿಕಾಗೊ ಡಿಫೆಂಡರ್, ಪಿಟ್ಸ್‌ಬರ್ಗ್ ಕುರಿಯರ್ ಮುಂತಾದ ಕಪ್ಪು ಜನರ ವಾರಪತ್ರಿಕೆಗಳು ಹಾಕುತ್ತಿದ್ದವು. ವಾರಪತ್ರಿಕೆಯಲ್ಲಿ ಜಾಗ ಕಡಿಮೆ. ಕೆಲವು ಆಟಗಳ ಪೂರ್ತಿ ಸ್ಕೋರ್ ಪಟ್ಟಿ ಸಿಗುತ್ತದೆ, ಕೆಲವಕ್ಕೆ ಗೆದ್ದವರ ಹೆಸರು ಮಾತ್ರ, ಕೆಲವು ಸಂಚಿಕೆಗಳೇ ಇಲ್ಲ. ಸಂಬಳವಿಲ್ಲದೆ ಆಸಕ್ತಿಯಿಂದ ಕೂತ ಸಂಶೋಧಕರು ಇವನ್ನೆಲ್ಲ ವರ್ಷಗಟ್ಟಲೆ ಓದಿ, ಆಟದಿಂದ ಆಟಕ್ಕೆ ಲೆಕ್ಕ ಕೂಡಿಸಿದರು. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಎಂದು ಒಪ್ಪಿಕೊಂಡಿತು. ಸುಮಾರು 3,400 ಆಟಗಾರರು ಅದರಲ್ಲಿ ಬರುತ್ತಾರೆ. 2024ರಲ್ಲಿ ಅವರಲ್ಲಿ 2,300ಕ್ಕೂ ಹೆಚ್ಚು ಜನರ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿದರು. ಆ ವರ್ಷಗಳ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಭಾಗ ಸಿಕ್ಕಿದೆ ಎಂದು ಸಂಸ್ಥೆಯವರು ಹೇಳಿದರು.

ಕೆಲವರು ಇದನ್ನು ಒಪ್ಪಲಿಲ್ಲ. ಆ ಲೀಗ್‌ಗಳ ಒಂದು ಸೀಸನ್‌ನಲ್ಲಿ ಆಟಗಳ ಸಂಖ್ಯೆ ಬಹಳ ಕಡಿಮೆ, ಕಾಬ್ ಆಡಿದಷ್ಟು ಗಿಬ್ಸನ್ ಆಡಿಲ್ಲ, ಎರಡನ್ನೂ ಒಂದೇ ಪಟ್ಟಿಯಲ್ಲಿ ಹೇಗೆ ಇಡುವುದು ಎಂಬುದು ಅವರ ವಾದ. ತಳ್ಳಿಹಾಕುವ ಮಾತಲ್ಲ. ಆದರೆ ಕಡಿಮೆ ಆಟಗಳಿದ್ದದ್ದು ಗಿಬ್ಸನ್ ಅವರ ಆಯ್ಕೆ ಆಗಿರಲಿಲ್ಲ. ತಂಡಗಳ ಬಳಿ ಹಣವಿರಲಿಲ್ಲ, ಹೊಟ್ಟೆಪಾಡಿಗೆ ಊರೂರು ತಿರುಗಿ ಸ್ಥಳೀಯ ತಂಡಗಳ ಎದುರು ಆಡುತ್ತಿದ್ದರು. ಆ ಆಟಗಳು ಯಾವ ಲೀಗ್‌ಗೂ ಸೇರದ ಕಾರಣ ಇವತ್ತಿಗೂ ಲೆಕ್ಕಕ್ಕೆ ಬಂದಿಲ್ಲ.

ಹಾಗಾಗಿ ಒಂದು ವಿಚಿತ್ರ ಆಗಿದೆ. ಹಾಲ್ ಆಫ್ ಫೇಮ್‌ನ ಫಲಕದಲ್ಲಿ ಗಿಬ್ಸನ್ ಹೊಡೆದ ಹೋಮ್ ರನ್ ಸುಮಾರು 800 ಎಂದಿದೆ. ಹೊಸ ಅಧಿಕೃತ ದಾಖಲೆಯಲ್ಲಿ ಅದು 200ಕ್ಕಿಂತ ಕಡಿಮೆ. ಒಂದು ಕಡೆ ನೋಡಿದವರ ಬಾಯಿಮಾತು, ಎಲ್ಲ ಊರಿನ ಆಟವೂ ಸೇರಿದ್ದು. ಇನ್ನೊಂದು ಕಡೆ ಕಾಗದ ಸಿಕ್ಕ ಲೀಗ್ ಆಟಗಳು ಮಾತ್ರ. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ನಮ್ಮ ಅಕೌಂಟೆನ್ಸಿ ಕ್ಲಾಸಿನಲ್ಲಿ ಹೇಳುವುದು ಇದನ್ನೇ. ನನ್ನ ಮಟ್ಟಿಗೆ ಆ ಕಟ್ಟುನಿಟ್ಟು ಸರಿ. ಗಿಬ್ಸನ್ ಅವರಿಗೆ 800 ಕೊಟ್ಟುಬಿಟ್ಟರೆ ಪ್ರೀತಿಯಿಂದ ಕೊಟ್ಟಂತೆ ಆಗುತ್ತದೆ, 372ನ್ನು ಮಾತ್ರ ಯಾರೂ ಕೊಟ್ಟದ್ದಲ್ಲ. ಅದು ಅವರದೇ, ಪತ್ರಿಕೆಯ ಪುಟದಿಂದ ಒಂದೊಂದಾಗಿ ಎಣಿಸಿ ತೆಗೆದದ್ದು.

ಎಣಿಕೆ ಇನ್ನೂ ನಡೆಯುತ್ತಿದೆ. ಬರ್ ಓಕ್‌ನಲ್ಲಿ ಕಲ್ಲು ಪಡೆದ ಮೂವರಲ್ಲಿ ಜಾನ್ ಡೊನಾಲ್ಡ್‌ಸನ್ ತಮ್ಮ ಹೆಚ್ಚಿನ ಆಟಗಳನ್ನು ಆಡಿದ್ದು ಲೀಗ್‌ನ ಹೊರಗೆ, ಸಣ್ಣ ಸಣ್ಣ ಊರುಗಳಲ್ಲಿ. ಒಂದಷ್ಟು ಜನ ಸ್ವಯಂಸೇವಕರು ಆ ಊರುಗಳ ಹಳೆಯ ಪತ್ರಿಕೆಗಳನ್ನು ಲೈಬ್ರರಿಗಳಲ್ಲಿ ತಿರುವಿಹಾಕುತ್ತಾ, ಅವರ 400ಕ್ಕೂ ಹೆಚ್ಚು ಗೆಲುವುಗಳಿಗೆ ದಾಖಲೆ ಹುಡುಕಿದ್ದಾರೆ. 2021ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಡೊನಾಲ್ಡ್‌ಸನ್ ಅವರ ಹೆಸರು ಹಾಲ್ ಆಫ್ ಫೇಮ್ ಆಯ್ಕೆಗೆ ಬಂತು. ಎರಡು ಸಲವೂ ಬೇಕಾದಷ್ಟು ಮತ ಬೀಳಲಿಲ್ಲ.